ಕೇತಮ್ಮ ಬಿಟ್ಟ ಮಾತು

ಒಂದು ವರ್ಷದ ಲಂಟಾನ ಕಳೆ ನೋಡಿ ಏಳು ವರ್ಷದ ಮಾತನ್ನು ಬಿಡಬಹುದೇ? ಕೇಳುಗಲ್ಲಿನ ದಾರಿ ಹತ್ತುವಾಗ ನನ್ನ ತಲೆಯಲ್ಲಿದ್ದದ್ದು ಇದೊಂದೇ. ಬಿಡಬಾರದು, ಒಂದು ವರ್ಷ ಏನನ್ನೂ ತೋರಿಸುವುದಿಲ್ಲ ಎಂದುಕೊಂಡು ಇಪ್ಪತ್ತು ಹೆಜ್ಜೆ. ಬಿಡಬೇಕು, ಅವ್ವ ತಾನೇ ಬಿಡು ಎಂದಿದ್ದಾಳೆ ಎಂದುಕೊಂಡು ಇನ್ನೂ ಇಪ್ಪತ್ತು ಹೆಜ್ಜೆ. ಅವಳು ಹಾಗೆ ಹೇಳಿದಾಗ ಮನೆಯ ಹಿಂದಿನ ಜಗಲಿಯ ಮೇಲೆ ನಾವಿಬ್ಬರೇ ಇದ್ದೆವು. ಅವಳಿಗೆ ಜ್ವರವಿತ್ತು. ಜ್ವರದ ಮಾತು ಎಂದುಕೊಂಡರೆ ನನಗೆ ಅನುಕೂಲ. ಅನುಕೂಲವಾದದ್ದನ್ನೇ ನಿಜವೆಂದು ನಂಬಲು ಹೊರಟಿದ್ದೇನೆಯೇ ಎಂಬ ಅನುಮಾನ ಅದರ ಬೆನ್ನಿಗೇ ಬರುತ್ತಿತ್ತು. ಅವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಇನ್ನೊಂದು ಗಂಟೆಯಲ್ಲಿ ಅವಳು ಮಾತಾಡುವವಳಿದ್ದಳು, ನಾನು ಅವಳ ಪರವಾಗಿ ಉತ್ತರ ಕೊಡಬೇಕಿತ್ತು.

ಕಾಡಿನೊಳಗಿನ ನಮ್ಮ ಹಾಡಿಯಿಂದ ಒಂದು ಮೈಲಿ ಏರಿದರೆ ಕೇಳುಗಲ್ಲು ಎಂಬ ಬಂಡೆ. ಅಲ್ಲಿ ಆಡಿದ ಮಾತು ಒಂದು ವರ್ಷಕ್ಕೆ ತಿರುಗಿ ಬರುತ್ತದೆ; ಅದೇ ದಿನ, ಅದೇ ಹೊತ್ತಿಗೆ, ಎದುರಿನ ಕಣಿವೆಯಿಂದ, ಆಡಿದವರದೇ ದನಿಯಲ್ಲಿ. ಹಾಗಾಗಿ ನಮ್ಮವರು ಅಲ್ಲಿ ಹೆಚ್ಚು ಮಾತಾಡುವುದಿಲ್ಲ. ಜಗಳವಿದ್ದರೆ ಕೆಳಗೆ ಹಳ್ಳದ ಹತ್ತಿರವೇ ಮುಗಿಸಿಕೊಂಡು ಹತ್ತುತ್ತಾರೆ. ಸೌದೆಗೆ ಹೋಗುವ ಹೆಂಗಸರು ಬಂಡೆ ಹತ್ತಿರವಾದ ಕೂಡಲೇ ಹಾಡು ನಿಲ್ಲಿಸಿ, ದಾಟಿದ ಮೇಲೆ ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸುತ್ತಾರೆ. ಹೆಣ್ಣು ಕೇಳಲು ಬಂದವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ‘ಹುಡುಗ ಕುಡಿಯಾಕಿಲ್ಲ ಅಂದ್ರಲ್ಲ, ಇಲ್ಲಿ ನಿಂತ್ಕಂಡು ಇನ್ನೊಂದ್ಸಲ ಅನ್ನಿ’ ಎನ್ನುವುದುಂಟು. ಎಷ್ಟೋ ಮಂದಿ ಬಾಯಿ ಬಿಡದೆ ಇಳಿದು ಹೋಗಿದ್ದಾರೆ.

ನೆಲದ ವಿಚಾರವನ್ನು ಮಾತ್ರ ಅಲ್ಲಿಯೇ ಆಡಬೇಕು. ಯಾವ ಜೇನುಬಂಡೆಗೆ ಹಗ್ಗ ಇಳಿಸಬಾರದು, ಯಾವ ಬಿದಿರು ಮೆಳೆಯನ್ನು ಯಾವಾಗ ಕಡಿಯಬೇಕು, ಎಲ್ಲಿ ರಾಗಿ ಚೆಲ್ಲಬೇಕು ಎಂಬುದನ್ನು ಒಬ್ಬರು ಎದ್ದು ಹೇಳುತ್ತಾರೆ. ಉಳಿದವರು ಕೇಳಿ ಇಳಿದು ಬರುತ್ತಾರೆ. ಆ ಮಾತನ್ನು ಒಂದು ವರ್ಷ ಒಂದು ತುಂಡು ನೆಲದಲ್ಲಿ ಮಾತ್ರ ನಡೆಸಿ ನೋಡುತ್ತಾರೆ. ವರ್ಷ ತುಂಬಿದ ದಿನ ಮತ್ತೆ ಹತ್ತಿ ಕೂತು, ತಿರುಗಿ ಬಂದ ಮಾತನ್ನು ಕೇಳುತ್ತಾರೆ. ಆಡಿದವರು ಆಗ ‘ನಂದೇ’ ಅನ್ನಬೇಕು, ಇಲ್ಲವೇ ‘ಬುಟ್ಟೆ’ ಅನ್ನಬೇಕು. ನಂದೇ ಎಂದರೆ ಮಾತು ನಿಂತಿತು, ಆ ನೆಲ ಅಂದಿನಿಂದ ಆಡಿದವರ ಹೆಸರಿನಲ್ಲಿ ಕರೆಸಿಕೊಳ್ಳುತ್ತದೆ. ಬುಟ್ಟೆ ಎಂದರೆ ಮಾತು ಹೋಯಿತು. ಆಡಿದವರು ಸತ್ತಿದ್ದರೆ ಮನೆಯವರು ಹೇಳಬೇಕು.

ಈ ಉತ್ತರಕ್ಕೆ ಜಾಗ ಬೇಕಲ್ಲ. ಅದಕ್ಕಾಗಿ ಅಲ್ಲಿ ಮಾತಾಡುವವರು ಮಾತು ಮುಗಿಸಿದ ಮೇಲೆ ಹತ್ತು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಾರೆ. ಯಾರೂ ಕೆಮ್ಮುವುದಿಲ್ಲ, ಮಿಸುಕುವುದಿಲ್ಲ. ಮುಂದಿನ ವರ್ಷದ ಉತ್ತರಕ್ಕೆ ಕಾದಿರಿಸಿದ ಆ ಹೊತ್ತಿಗೆ ತೆರಪು ಎನ್ನುತ್ತೇವೆ. ಪದವಿ ಓದಲು ನಾನು ದೂರದ ಊರಿಗೆ ಹೋಗಿದ್ದ ನಾಲ್ಕು ವರ್ಷ ನನಗೆ ಮನೆಗಿಂತ ಹೆಚ್ಚಾಗಿ ನೆನಪಾಗುತ್ತಿದ್ದದ್ದು ಈ ತೆರಪುಗಳೇ. ಅಲ್ಲಿ ಯಾರೂ ಯಾರ ಉತ್ತರಕ್ಕೂ ಜಾಗ ಬಿಡುತ್ತಿರಲಿಲ್ಲ.

ಹಿಂದೆ ನಮ್ಮ ಕಾಡಿನ ಯೋಜನೆ ಕೆಳಗಿನ ಪೇಟೆಯಲ್ಲಿ ತಯಾರಾಗುತ್ತಿತ್ತು. ಅದನ್ನು ಬರೆದವರು ಕೆಟ್ಟವರೇನೂ ಇರಲಿಲ್ಲ, ಮೇಲೆ ಹತ್ತಿ ಬಂದವರಾಗಿರಲಿಲ್ಲ, ಅಷ್ಟೆ. ನಮ್ಮ ಹಿರಿಯರನ್ನು ಮಣ್ಣು ಮಾಡಿದ ದಿಬ್ಬದ ಮೇಲೆ ನೀಲಗಿರಿ ಸಸಿಗಳ ಸಾಲು ಬಂತು. ನೀರು ಎಂದೂ ಹರಿಯದ ಕಡೆ ಒಂದು ಕಟ್ಟೆ ಬಂತು. ಈಗ ಅದರ ಮೇಲೆ ಕೋತಿಗಳು ಬಿಸಿಲು ಕಾಯಿಸುತ್ತವೆ. ಹನ್ನೊಂದು ವರ್ಷ ಅರ್ಜಿ ಕೊಟ್ಟ ಮೇಲೆ ಯೋಜನಾ ಕಚೇರಿಯವರು ಒಪ್ಪಿದರು: ಪೂರ್ವಿಕರ ನೆಲಕ್ಕೆ ಮುಂದಿನ ಇಪ್ಪತ್ತು ವರ್ಷದ ಯೋಜನೆಯನ್ನು ಹಾಡಿಯವರೇ ಮಾಡಿಕೊಡಬಹುದು, ಒಂದೂವರೆ ವರ್ಷದೊಳಗೆ ಬಾರದಿದ್ದರೆ ಪೇಟೆಯಲ್ಲಿ ಬರೆದದ್ದೇ ಮುಂದುವರಿಯುತ್ತದೆ. ನಮೂನೆಯಲ್ಲಿ ‘ಸಭೆಯ ಅವಧಿ, ಗಂಟೆಗಳಲ್ಲಿ’ ಎಂಬ ಕಾಲಂ ಇತ್ತು. ನಾನು ಒಂದು ವರ್ಷ ಎಂದು ಬರೆದೆ. ಕಚೇರಿಯ ಅಧಿಕಾರಿ ಶ್ರೀಪತಿಯವರು ಕನ್ನಡಕ ಮೇಲೆತ್ತಿ ನೋಡಿ, ‘ಎಂಟು ಸಾವಿರದ ಏಳುನೂರ ಅರವತ್ತು ಅಂತ ಬರೀರಿ. ವರ್ಷ ಅಂದ್ರೆ ಮೇಲಿನವರು ವಾಪಸ್ ಕಳಿಸ್ತಾರೆ’ ಎಂದರು. ಹಾಗೆಯೇ ಬರೆದೆ, ಯಾರೂ ವಾಪಸ್ ಕಳಿಸಲಿಲ್ಲ.

ಅಕ್ಷರ ಬಲ್ಲವನು ಎಂದು ಯೋಜನೆ ಬರೆಯುವ ಕೆಲಸ ನನಗೆ ಬಂತು. ಮಾತಾಡುವ ಕೆಲಸ ಬರಲಿಲ್ಲ. ನಾನು ಕೇಳುಗಲ್ಲಿನ ಮೇಲೆ ಒಮ್ಮೆಯೂ ಬಾಯಿ ತೆರೆದವನಲ್ಲ. ನನ್ನ ದನಿ ವರ್ಷದ ನಂತರ ಎಲ್ಲರೆದುರು ಕಣಿವೆಯಿಂದ ಬರುವುದನ್ನು ನೆನೆದು ಹಿಂದಿನ ಸಾಲಿನಲ್ಲೇ ಕೂತುಬಿಡುತ್ತಿದ್ದೆ. ಹಾಡಿಯ ಯಜಮಾನ ಬೊಮ್ಮೇಗೌಡ ನನ್ನನ್ನು ಕಂಡಾಗಲೆಲ್ಲ, ‘ಓದಿದ್ದನ್ನೆಲ್ಲ ಹೊಟ್ಟೇಲೇ ಇಟ್ಕಂಡು ಕಾವು ಕೊಡ್ತಾವ್ನೆ ಕಣ್ರಪ್ಪ, ನೋಡವ, ಯಾವಾಗ ಮರಿ ಆಯ್ತದೋ’ ಎನ್ನುತ್ತಿದ್ದ.

ಆದರೆ ನನಗೊಂದು ಅಭಿಪ್ರಾಯವಿತ್ತು. ಕೆಂಗಲ್ಲು ಇಳಿಜಾರಿನ ಮಾಗಳಿ ಬೇರಿನ ಬಗ್ಗೆ ಇದ್ದದ್ದು ಅದು. ಉಪ್ಪಿನಕಾಯಿಗೆ ಹಾಕುವ ಆ ಬೇರನ್ನು ಅವ್ವ ನಲವತ್ತು ವರ್ಷ ಅಗೆದಳು. ಅವಳು ಮನೆಗೆ ಬಂದರೆ ಬೇರಿನ ವಾಸನೆ ಅವಳಿಗಿಂತ ಮೊದಲು ಒಳಗೆ ಬರುತ್ತಿತ್ತು. ಅವಳ ಜತೆಗಾತಿ ಜಡೆಯಮ್ಮ. ನನಗೆ ಚಿಕ್ಕವ್ವನ ಹಾಗೆ. ಗಂಡನಿಲ್ಲದ ಜಡೆಯಮ್ಮನ ಮನೆಯ ಜತೆಗೆ ಇನ್ನೂ ಹನ್ನೆರಡು ಮನೆಗಳ ಒಲೆ ಉರಿಯುವುದು ಆ ಇಳಿಜಾರಿನಿಂದಲೇ. ಬಳ್ಳಿಯ ಬುಡ ಬಿಡಿಸಿ, ಪಕ್ಕದ ಬೇರುಗಳನ್ನಷ್ಟೇ ಕೊಯ್ದು, ತಲೆಯನ್ನು ಹಾಗೇ ಬಿಟ್ಟು, ಮಣ್ಣು ಮುಚ್ಚಿ ಅಂಗೈಯಲ್ಲಿ ಒತ್ತಿ ಏಳುವುದು ಇವರ ಪದ್ಧತಿ. ಈಚೆಗೆ ಕೆಲವರು ಅವಸರಕ್ಕೆ ತಲೆಸಮೇತ ಕೀಳುತ್ತಿದ್ದರು. ಬೇರು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿತ್ತು. ಇಂಥದ್ದಕ್ಕೆ ಏನು ಮಾಡಬೇಕೆಂದು ನಾನು ಕಾಲೇಜಿನಲ್ಲಿ ಓದಿದ್ದೆ.

‘ಮುಂಚೆ ತೋಳುದ್ದ ತರ್ತಿದ್ದೆ, ಈಗ ನೋಡು, ಬೆರಳುದ್ದ’ ಎಂದೆ ಒಂದು ದಿನ, ಅವಳು ಬೇರು ತೊಳೆಯುತ್ತಿದ್ದಾಗ.

‘ಬೆರಳಲ್ಲ, ಮೊಣಕೈ’ ಎಂದಳು ಅವ್ವ.

‘ಏಳು ವರ್ಷ ಯಾರೂ ಮುಟ್ಟದಿದ್ರೆ ಮತ್ತೆ ತುಂಬ್ಕತದೆ. ಪುಸ್ತಕದಲ್ಲಿ ಅದೆ.’

‘ಪುಸ್ತಕ ಬರ್ದೋನು ಕೆಂಗಲ್ಲು ನೋಡವ್ನಾ?’

‘ಇಂಥಾದೇ ಇನ್ನೊಂದು ಇಳಿಜಾರು ನೋಡವ್ನೆ.’

‘ಇಂಥಾದೇ ಅಂದ್ರೆ ಇಂಥಾದೇಯಾ?’ ಅವಳು ಬೇರನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. ‘ಏಳು ವರ್ಷ ಜಡೆಯಮ್ಮ ಏನು ತಿಂದಾಳು?’

ಆ ಹದಿಮೂರು ಮನೆಗಳಿಗೆ ಕೆಳಗಿನ ಬಿದಿರಿನಲ್ಲಿ ಪಾಲು ಕೊಡಬಹುದು, ನೆಲ್ಲಿಕಾಯಿಯ ಪಾಲು ಹೆಚ್ಚಿಸಬಹುದು ಎಂದು ನಾನು ಬಹಳ ಹೊತ್ತು ವಿವರಿಸಿದೆ. ಮನೆಯೊಳಗೆ ನಾನು ಚೆನ್ನಾಗಿಯೇ ಮಾತಾಡುತ್ತೇನೆ. ಅವಳು ಕೇಳಿದಳು. ಕೊನೆಗೆ, ‘ಅಷ್ಟು ಗಟ್ಟಿಯಾಗಿ ಗೊತ್ತಿದ್ರೆ ಎದ್ದು ಯೋಳು ಮತ್ತೆ’ ಎಂದಳು. ನಾನು ಬುಟ್ಟಿಯನ್ನು ನೋಡುತ್ತಾ ಕೂತೆ. ಅವಳು ನನ್ನನ್ನು ನೋಡುತ್ತಾ ಕೂತಳು. ನಾನು ಹುಟ್ಟಿದಂದಿನಿಂದ ಅವಳು ನನ್ನ ಮೌನವನ್ನು ತುಂಬುತ್ತಲೇ ಬಂದವಳು. ಶಾಲೆಯಲ್ಲಿ ಹೆಸರು ಕೇಳಿದಾಗಲೂ ಅವಳೇ ಹೇಳಿದ್ದಳು.

‘ಸರಿ ಬುಡು’ ಎಂದಳು. ‘ಯೆಂಗೆ ಯೋಳ್ಬೇಕು ಅಂತ ಕಲ್ಸ್ಕೊಡು.’

ನಾನು ಕಲಿಸಿದ್ದು ಎರಡೇ ವಾಕ್ಯ. ನಾಲ್ಕು ದಿನ ರಾಗಿ ಕೇರುತ್ತಾ ಅದನ್ನೇ ಹೇಳಿಕೊಂಡಳು. ಅವಳ ಬಾಯಿಗೆ ಬಾರದ ಒಂದು ಪದವನ್ನು ನಾನು ತಿದ್ದಿದ್ದೂ ಉಂಟು. ಹೋದ ವರ್ಷದ ಸಭೆಯಲ್ಲಿ ಎದ್ದು ಹೇಳಿದಳು. ಅವಳ ನಂತರ ಎದ್ದ ಜಡೆಯಮ್ಮ ಅದಕ್ಕೆ ವಿರುದ್ಧವಾಗಿ ಹೇಳಿದಳು. ಒಂದೇ ನೆಲಕ್ಕೆ ಎರಡು ಮಾತು ಬಂದರೆ ಮೊದಲು ಆಡಿದವರು ಬಿಟ್ಟರಷ್ಟೇ ಎರಡನೆಯದು ನಿಲ್ಲುತ್ತದೆ. ಹಾಗಾಗಿ ಎಲ್ಲವೂ ಅವ್ವನ ಮಾತಿನ ಮೇಲೆ ನಿಂತಿತು.

ಪದ್ಧತಿಯಂತೆ ಇಳಿಜಾರಿನಲ್ಲಿ ಒಂದು ಪಟ್ಟಿಯಷ್ಟು ಜಾಗವನ್ನು ಗುರುತು ಹಾಕಿ ಅಗೆಯದೆ ಬಿಟ್ಟರು. ಜಡೆಯಮ್ಮ ಆ ವರ್ಷವೆಲ್ಲ ಅವ್ವನ ಜತೆ ಅಗೆಯಲು ಹೋದಳು, ಜತೆಗೇ ಬಂದಳು, ಬುತ್ತಿ ಹಂಚಿಕೊಂಡಳು. ಪಟ್ಟಿಯ ಹತ್ತಿರ ಬಂದಾಗ ಮಾತ್ರ, ‘ದಾರಿ ಬುಡ್ರವ್ವ, ಕೇತವ್ವನ ತ್ವಾಟ ಬಂತು’ ಎಂದು ಬಳಸಿಕೊಂಡು ಹೋಗುತ್ತಿದ್ದಳಂತೆ. ಮಳೆ ಹಿಡಿದ ಮೇಲೆ ಆ ಪಟ್ಟಿಯಲ್ಲಿ ಲಂಟಾನ ಬಂತು. ಮಳೆ ಬಿಡುವ ಹೊತ್ತಿಗೆ ಎದೆಯ ಮಟ್ಟ ಬೆಳೆದಿತ್ತು.

ಅವ್ವನಿಗೆ ಜ್ವರ ಹಿಡಿದ ವಾರ ಅದು. ಹೇಳಿದರೂ ಕೇಳದೆ ಅವಳು ಜಡೆಯಮ್ಮನನ್ನು ಕರೆದುಕೊಂಡು ಪಟ್ಟಿಯೊಳಗೆ ನುಗ್ಗಿ ಬಂದಿದ್ದಳು. ಮೊಣಕೈವರೆಗೆ ಮುಳ್ಳು ಗೀರಿದ ಗೆರೆಗಳಿದ್ದವು. ಜಗಲಿಯ ಮೇಲೆ ಕೂತು ನಾನು ಎಣ್ಣೆ ಹಚ್ಚುತ್ತಿದ್ದೆ.

‘ಒಳಗೆ ಒಂದು ಬಳ್ಳಿ ಉಳ್ದಿಲ್ಲ ಕಣಾ’ ಎಂದಳು. ‘ಇದ್ದವೂ ಕೆಳಗೆ ಉಸ್ರು ಕಟ್ಕಂಡವೆ. ಅಗಿಯಾಕೆ ಓದಾಗ ಕಾಲಿಗೆ ಸಿಕ್ಕಿದ ಲಂಟಾನ ಕಿತ್ತೆಸೀತೀವಲ್ಲ, ಅದು ಒಂದು ಕೆಲ್ಸ ಅಂತಲೇ ನಂಗೆ ಗೊತ್ತಿರ್ನಿಲ್ಲ. ನಾವು ಓಗ್ದೆ ಇದ್ರೆ ಅದು ಬತ್ತದೆ.’

‘ಒಂದು ವರ್ಷಕ್ಕೆ ಏನೂ ಗೊತ್ತಾಗಲ್ಲ ಅವ್ವ.’

‘ಏಳು ವರ್ಷ ಆದ್ಮ್ಯಾಕೆ ಗೊತ್ತಾದ್ರೆ ಯಾರ್ಗೆ ಯೋಳಾದು?’ ಅವಳು ಕೈ ಹಿಂತೆಗೆದುಕೊಂಡಳು. ‘ಆ ದಿನಕ್ಕೆ ನಾನಿದ್ರೆ ನಾನೇ ಅಂತೀನಿ. ಇಲ್ದಿದ್ರೆ ನೀನು ಬುಟ್ಟೆ ಅನ್ನು.’

‘ಕೇತಮ್ಮಂಗೆ ನಲವತ್ತು ವರ್ಷ ಅಗೆದೂ ತಿಳೀಲಿಲ್ಲ ಅಂತಾರೆ.’

‘ಅನ್ಲಿ. ಸತ್ತೋಳ್ಗೆ ಯಾವ ನಾಚ್ಕೆ.’

ಎಣ್ಣೆಯ ಬಟ್ಟಲು ಒಳಗಿಟ್ಟು ಬಂದೆ. ಹದಿನೈದು ದಿನಕ್ಕೆ ಅವಳು ಹೋದಳು.

ಹೀಗೆ ನಾನು ಕಡತ ಹಿಡಿದು ಹತ್ತುತ್ತಿದ್ದೆ. ನಿಜ ಹೇಳಬೇಕೆಂದರೆ ಒಂದು ವರ್ಷದ ಲಂಟಾನ ಏನನ್ನೂ ತೋರಿಸುವುದಿಲ್ಲ ಎಂಬ ವಾದ ಎರಡನೆಯದು. ಮೊದಲನೆಯದು ಬೇರೆ ಇತ್ತು. ನಂದೇ ಎಂದುಬಿಟ್ಟರೆ ಆ ಇಳಿಜಾರು ಕೇತಮ್ಮನ ಇಳಿಜಾರು ಆಗುತ್ತದೆ. ಇನ್ನು ನೂರು ವರ್ಷ ಯಾರೋ ಯಾರಿಗೋ, ಕೇತಮ್ಮನ ಮಗ್ಗುಲಲ್ಲಿ ಹಸು ಕಂಡೆ, ಕೇತಮ್ಮನ ತಲೆಯ ಮೇಲೆ ಮೋಡ ಬಂತು ಎನ್ನುತ್ತಾರೆ. ಬುಟ್ಟೆ ಎಂದರೆ ಅವಳ ದನಿ ಇಂದಿಗೆ ಮುಗಿಯಿತು. ಅವಳು ಅಲ್ಲಿ ಕೊನೆಯದಾಗಿ ಆಡಿದ ಮಾತು ಅದೇ. ಹದಿಮೂರು ಒಲೆಗಳ ಎದುರು ಒಂದು ಹೆಸರನ್ನು ಇಟ್ಟು ತೂಗುತ್ತಿದ್ದೇನೆ ಎಂದು ನನಗೆ ತಿಳಿದಿತ್ತು. ತಿಳಿದೂ ತೂಗುತ್ತಿದ್ದೆ.

ಎಲ್ಲರೂ ಬಂದು ಕೂತಿದ್ದರು. ಬಿಸಿಲು ಬಂಡೆಯ ಅರ್ಧಕ್ಕೆ ಬಂದಿತ್ತು. ಶ್ರೀಪತಿಯವರು ಪೇಟೆಯಿಂದ ನಡೆದು ಬಂದು, ಬೆವರೊರೆಸಿಕೊಳ್ಳುತ್ತಾ ಬಂಡೆಯ ಕೆಳಗೆ ನಿಂತಿದ್ದರು. ಬೊಮ್ಮೇಗೌಡ ಅವರನ್ನು ಅಲ್ಲಿಯೇ ತಡೆದು, ‘ಸಾಮಿ, ಆ ಗಿಳಿ ಬಾಯಿ ಕಟ್ಟಿದೀರಾ?’ ಎಂದ. ಹೋದ ವರ್ಷ ಸಭೆಯ ನಡುವೆ ಅವರ ಫೋನು ಹೊಡೆದುಕೊಂಡಿತ್ತು.

‘ಆಫ್ ಮಾಡಿದೀನಿ ಗೌಡ್ರೇ, ನೋಡಿ’ ಎಂದು ಅವರು ತೆಗೆದು ತೋರಿಸಿದರು.

‘ಈ ವರ್ಷದ್ದು ಕಟ್ಟೀರಿ. ಓದೊರ್ಷದ್ದು ನಿಮ್ಮ ಕೈಲಿಲ್ಲ’ ಎಂದ ಬೊಮ್ಮೇಗೌಡ. ಅಲ್ಲಿಂದ ಮೇಲೆ ಯಾರೂ ಮಾತಾಡಲಿಲ್ಲ.

ಮೊದಲು ಬಂದದ್ದು ಬೊಮ್ಮೇಗೌಡನದೇ ದನಿ. ರಸ್ತೆ ಹಳ್ಳದ ಈ ಕಡೆಗೇ ನಿಲ್ಲಬೇಕು, ಕಾಯಿಲೆಯವರನ್ನು ಹೊತ್ತು ಹಳ್ಳ ದಾಟಿಸಲು ಒಂದು ಕಾಲುಸೇತುವೆ ಸಾಕು, ಲಾರಿ ದಾಟುವಂಥದ್ದು ಬೇಡ ಎಂದು ಕಣಿವೆ ಹೇಳಿತು. ತೆರಪಿನಲ್ಲಿ ಬೊಮ್ಮೇಗೌಡ, ‘ನಂದೇ’ ಎಂದ. ನಾನು ಬರೆದುಕೊಂಡೆ. ಜೇನು ಕೀಳುವವನೊಬ್ಬ, ದೊಡ್ಡ ಬಂಡೆಯ ಜೇನುಹುಟ್ಟುಗಳಲ್ಲಿ ಅರ್ಧ ಬಿಟ್ಟು ಅರ್ಧ ಕೀಳಬೇಕು ಎಂದಿದ್ದ. ಈ ವರ್ಷ ಅದನ್ನು ಮಾಡಿ ನೋಡಿ, ಉಳಿಸಿದ ಅರ್ಧವನ್ನೂ ಕರಡಿ ತಿಂದದ್ದನ್ನು ಕಂಡಿದ್ದ. ಅವನು ಹಲ್ಲು ಬಿಟ್ಟುಕೊಂಡು, ‘ಬುಟ್ಟೆ’ ಎಂದ. ಅದರ ಹಿಂದೆಯೇ ಕಣಿವೆಯಿಂದ ಶ್ರೀಪತಿಯವರ ಫೋನಿನ ಸಿನಿಮಾ ಹಾಡು ಹೊಡೆದುಕೊಳ್ಳತೊಡಗಿತು. ಅವರು ಬೆಚ್ಚಿ ಜೇಬು ತಡಕಾಡಿದರು. ಸಭೆಯವರೆಲ್ಲ ಬಾಯಿಗೆ ಸೆರಗು, ಟವೆಲು ಒತ್ತಿಕೊಂಡು, ಮುಂದಿನ ವರ್ಷಕ್ಕೆ ನಗು ಬೀಳದ ಹಾಗೆ ಭುಜ ಕುಲುಕಿಸುತ್ತಾ ನಕ್ಕರು. ನಾನೂ ನಕ್ಕೆ. ನಗುತ್ತಿದ್ದ ಹಾಗೆಯೇ ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

ಅವ್ವ ಎರಡು ಸಲ ಗಂಟಲು ಸರಿಮಾಡಿಕೊಂಡಿದ್ದಳು. ಅದು ನನಗೆ ಮರೆತಿತ್ತು.

‘ಕೆಂಗಲ್ಲು ಇಳಿಜಾರಿನಲ್ಲಿ ಏಳು ವರ್ಷ ಯಾರೂ ಬೇರು ಅಗೆಯಬಾರದು’ ಎಂದಳು ಅವ್ವ, ಕಣಿವೆಯಾಚೆಯಿಂದ. ‘ಏಳು ವರ್ಷ ಆದ ಮೇಲೆ ನೋಡಿ ತೀರ್ಮಾನ ಮಾಡಬೇಕು.’

ನಾನು ಕಡತ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಎರಡು ತಿಂಗಳ ಮೇಲೆ ಕೇಳಿದ ದನಿ. ಅಳು ಬರಬೇಕಿತ್ತು. ಅದರ ಬದಲು ನನಗೆ ಆ ವಾಕ್ಯಗಳು ಕೇಳಿಸಿದವು. ಅಗೆಯಬಾರದು ಎಂದು ಅವಳು ಜನ್ಮದಲ್ಲಿ ಅಂದವಳಲ್ಲ, ಅಗೀಬ್ಯಾಡಿ ಅನ್ನುವವಳು. ತೀರ್ಮಾನ ಎಂಬುದು ನಾನು ತಿದ್ದಿದ ಪದ. ಪರರ ಮಗುವನ್ನು ಎತ್ತಿಕೊಂಡವರ ಹಾಗೆ ಒಂದೊಂದು ಪದವನ್ನೂ ಜೋಪಾನವಾಗಿ ಇಳಿಸಿದ್ದಳು. ಹೋದ ವರ್ಷ ಇದು ನನಗೆ ಸೊಗಸಾಗಿ ಕೇಳಿಸಿತ್ತು.

ತೆರಪು ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ನನ್ನ ದನಿ ಹೊರಡುವ ಮೊದಲು ಆ ತೆರಪಿನೊಳಗಿಂದ ಇನ್ನೊಂದು ದನಿ ಬಂತು. ಬಹಳ ಸಣ್ಣದು, ಮಗ್ಗುಲಲ್ಲಿ ಕೂತವರಿಗೆ ಹೇಳುವಂಥದ್ದು. ಕೇಳುಗಲ್ಲಿಗೆ ಸಣ್ಣದು ದೊಡ್ಡದು ಎಂಬ ಭೇದವಿಲ್ಲ.

‘ಸರ್ಯಾಗ್ ಯೋಳ್ದ್ನಾ ಮಗ?’

ಅವಳು ಕೂತಕೂಡಲೇ ನನ್ನ ಕಡೆ ಬಾಗಿ ಕೇಳಿದ್ದಳು. ಹೌದು. ಯಾರೂ ಮಾತಾಡಬಾರದ ಹೊತ್ತಿನಲ್ಲಿ, ಅರವತ್ತು ವರ್ಷ ಆ ಬಂಡೆಯ ರೀತಿ ಬಲ್ಲವಳು, ಕಲಿಸಿಕೊಟ್ಟವನನ್ನು ಕೇಳದೆ ಇರಲಾರದೆ ಕೇಳಿಬಿಟ್ಟಿದ್ದಳು. ನಾನು ತಲೆಯಾಡಿಸಿದ್ದೆ. ತಲೆಯಾಡಿಸಿದ್ದು ತಿರುಗಿ ಬರುವುದಿಲ್ಲ. ಕಣಿವೆಯಲ್ಲಿ ಅವಳ ಪ್ರಶ್ನೆಯ ನಂತರ ಏನೂ ಬರಲಿಲ್ಲ. ಒಂದು ಉಸಿರು, ಎರಡು ಉಸಿರು. ಎಲ್ಲರೂ ಕೇಳುತ್ತಿದ್ದರು, ಅವಳೂ ಕೇಳುತ್ತಿದ್ದಾಳೆ ಅನ್ನಿಸಿತು. ತೆರಪು ಇನ್ನೇನು ಮುಗಿಯುವುದರಲ್ಲಿತ್ತು. ಆಮೇಲೆ ಉತ್ತರ ಕೊಟ್ಟರೆ ಅದು ಲೆಕ್ಕಕ್ಕಿಲ್ಲ, ಮಾತು ತಾನಾಗಿ ನಿಂತುಬಿಡುತ್ತದೆ.

‘ಬುಟ್ಟೆ’ ಎಂದೆ.

ಕೇಳುಗಲ್ಲಿನ ಮೇಲೆ ನಾನು ಆಡಿದ ಮೊದಲ ಮಾತು ಅದು. ಅವಳು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಎಂಬಂತೆ ಕೇಳಿಸಿತು. ಒಂದು ವರ್ಷ ತಡವಾಗಿ ಬಂದ, ಅವಳ ಪ್ರಶ್ನೆಗೆ ಹೊಂದದ ಉತ್ತರ. ನಾನು ಲಂಟಾನ ನೆನೆದು ಅದನ್ನು ಹೇಳಿದೆನೋ, ಜಡೆಯಮ್ಮನನ್ನು ನೆನೆದು ಹೇಳಿದೆನೋ, ಆ ಸಣ್ಣ ದನಿ ಇನ್ನೊಮ್ಮೆ ಕೇಳೀತೆಂಬ ಭಯಕ್ಕೆ ಹೇಳಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.

‘ಕೇತವ್ವ ಬುಟ್ಲು’ ಎಂದ ಬೊಮ್ಮೇಗೌಡ.

ಆಮೇಲೆ ಜಡೆಯಮ್ಮನ ಹೋದ ವರ್ಷದ ದನಿ ಬಂತು, ಸಿಟ್ಟಿನದು: ‘ಮುಚ್ಚಬ್ಯಾಡಿ. ಮೂರು ಬಳ್ಳೀಲಿ ಎರಡು ಬುಟ್ಟು ಒಂದು ಅಗೀರಿ. ತಲೆ ಬುಟ್ಟು ಅಗೀರಿ, ಮಣ್ಣು ಮುಚ್ಚಿ. ತಲೆ ಕಿತ್ತೋರ್ನ ನಾನೇ ಇಳಿಜಾರಿಂದ ಓಡುಸ್ತೀನಿ.’ ಈ ವರ್ಷದ ಜಡೆಯಮ್ಮ ತೆರಪಿನಲ್ಲಿ ಬಹಳ ಮೆತ್ತಗೆ, ‘ನಂದೇ’ ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಇಳಿಜಾರು ಜಡೆಯಮ್ಮನದಾಯಿತು. ನಾನು ಬರೆದುಕೊಂಡೆ. ದಿಬ್ಬದ ಮೇಲಿನ ನೀಲಗಿರಿ ತೆಗೆಯುವುದು, ಬಿದಿರು, ಹುಲ್ಲಿಗೆ ಬೆಂಕಿ ಇಡುವ ತಿಂಗಳು, ಎಲ್ಲವೂ ಒಂದೊಂದಾಗಿ ಬಂದು ನಿಂತವು, ಇಲ್ಲವೇ ಹೋದವು. ಮಧ್ಯಾಹ್ನದ ಹೊತ್ತಿಗೆ ಕಣಿವೆ ಸುಮ್ಮನಾಯಿತು.

ಕೆಳಗೆ ಹಳ್ಳದ ಪಕ್ಕ ಕೂತು ಕಡತ ಪೂರ್ತಿ ಮಾಡಿದೆವು. ಇಲ್ಲಿ ಎಷ್ಟು ಬೇಕಾದರೂ ಮಾತಾಡಬಹುದಿತ್ತು. ಶ್ರೀಪತಿಯವರು ಪುಟ ತಿರುಗಿಸುತ್ತಾ, ‘ನಿಂತ ಮಾತುಗಳು ಸಾಕಲ್ವಾ? ಬಿಟ್ಟ ಮಾತುಗಳನ್ನ ಯೋಜನೆಯಲ್ಲಿ ಯಾಕೆ ಹಾಕಬೇಕು?’ ಎಂದು ಕೇಳಿದರು.

‘ಅವೇ ಮುಖ್ಯ ಸಾಮಿ’ ಎಂದ ಬೊಮ್ಮೇಗೌಡ, ಎಲೆ ಮಡಿಸುತ್ತಾ. ‘ನಾವು ಯಾವ್ದುನ್ನ ಯೋಚ್ನೆ ಮಾಡಿ, ಮಾಡಿ ನೋಡಿ, ಬುಟ್ಟೋ ಅಂತ ಬರ್ದಿರ್ಬೇಕು. ಯಾರು ಯೋಳಿದ್ದು, ಯಾಕೆ ಓಯ್ತು, ಎಲ್ಲವ. ಇಲ್ದಿದ್ರೆ ಇನ್ನಿಪ್ಪತ್ತೊರ್ಷಕ್ಕೆ ಇನ್ನೊಬ್ಬ ಬುದ್ವಂತ ಬಂದು ಅದ್ನೇ ಯೋಳ್ತಾನೆ.’

ಶ್ರೀಪತಿಯವರು ತಲೆದೂಗಿದರು. ‘ನಮ್ಮ ಕಚೇರಿಗೂ ಇಂಥದ್ದೊಂದು ಪುಟ ಇದ್ದಿದ್ರೆ ಆ ಕಟ್ಟೆ ಕಟ್ತಿರಲಿಲ್ಲ’ ಎಂದರು.

ನಾನು ಆ ಪುಟಕ್ಕೆ ಗೆರೆ ಎಳೆದೆ. ಮಾತು, ಆಡಿದವರು, ಬಿಡಲು ಕಾರಣ. ಮೊದಲ ಸಾಲಿನಲ್ಲಿ ಜೇನು ಮತ್ತು ಕರಡಿ. ಎರಡನೆಯ ಸಾಲಿನಲ್ಲಿ, ಕೆಂಗಲ್ಲು ಇಳಿಜಾರನ್ನು ಏಳು ವರ್ಷ ಮುಚ್ಚುವುದು. ಬಿಡಲು ಕಾರಣವನ್ನು ಅವ್ವ ಹೇಳಿದಂತೆಯೇ ಬರೆದೆ: ಅಗೆಯುವವರು ಹೋಗದಿದ್ದರೆ ಲಂಟಾನ ಬರುತ್ತದೆ, ಅದನ್ನು ಕೀಳುವುದೂ ಅಗೆಯುವ ಕೆಲಸದ ಭಾಗ. ನಡುವಿನ ಕಾಲಂ ಖಾಲಿಯಿತ್ತು. ಲೇಖನಿ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಜಡೆಯಮ್ಮ ನನ್ನ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದಳು, ಅವಳಿಗೆ ಓದಲು ಬರುವುದಿಲ್ಲ.

‘ನಿಮ್ಮವ್ವನ ಹೆಸ್ರು ಬರ್ದಾ?’

‘ಬರೀತೀನಿ ಚಿಕ್ಕವ್ವ.’

‘ಚೆಂದಾಗಿ ಬರಿ.’

ಕೇತಮ್ಮ ಎಂದು ಬರೆದೆ.

ಹಳ್ಳದಿಂದ ಹಾಡಿಗೆ ಇಳಿಯುವಾಗ ಜಡೆಯಮ್ಮ ನನ್ನ ಜತೆಗೇ ಬಂದಳು. ಇಳಿಜಾರು ಕಾಣುವ ತಿರುವಿನಲ್ಲಿ ನಿಂತು ಸೊಂಟಕ್ಕೆ ಕೈಕೊಟ್ಟುಕೊಂಡಳು. ಅಗೆಯದೆ ಬಿಟ್ಟ ಪಟ್ಟಿ ಅಲ್ಲಿಂದ ಬೇರೆಯದೇ ಹಸಿರಾಗಿ ಕಾಣುತ್ತಿತ್ತು.

‘ಅವಳು ತೆರಪಿನಾಗೆ ನಿನ್ನ ಕೇಳಿದ್ಲಲ್ಲ’ ಎಂದಳು. ‘ಆವತ್ತು ನಾನು ಆ ಕಡೆ ಕೂತಿದ್ದೆ, ಕೇಳುಸ್ನಿಲ್ಲ. ನೀನು ಏನಂದೆ?’

‘ತಲೆಯಾಡಿಸಿದೆ.’

‘ಅಷ್ಟೇಯಾ?’

‘ಅಷ್ಟೇ ಚಿಕ್ಕವ್ವ.’

‘ಪಾಪದೋಳು. ನೀನು ಓದಿದೋನು ಅಂತ, ಮಾತು ನೆಟ್ಟಗೆ ಬಂತಾ ಅಂತ ಕೇಳವ್ಳೆ.’ ಅವಳು ಮೂಗು ಒರೆಸಿಕೊಂಡಳು. ‘ನನ್ಗೆ ಒಂದೇ ಅರ್ಥ ಆಗ್ನಿಲ್ಲ ಕಣಾ. ನಲವತ್ತೊರ್ಷ ಆ ಮಣ್ಣಾಗೆ ಕೈಯಿಟ್ಟೋಳು, ನಂಗೇ ಅಗಿಯಾದು ಕಲ್ಸ್ದೋಳು, ಮುಚ್ಚಿ ಅಂತ ಅವಳ ಬಾಯಿಂದ ಯೆಂಗೆ ಬಂತು ಅಂತ. ಒಂದೊರ್ಷ ಪೂರಾ ಅವಳ ಮ್ಯಾಲೆ ಸಿಟ್ಟಿಟ್ಕಂಡಿದ್ದೆ. ಜತೇಲೇ ಉಂಡೆ, ಸಿಟ್ಟು ಮಾತ್ರ ಬುಡ್ನಿಲ್ಲ. ಸಾಯಾಗಂಟ ಬುಡ್ನಿಲ್ಲ.’

ಅವಳು ನನ್ನ ಮುಖ ನೋಡಿದಳು. ಏನಾದರೂ ಹೇಳುತ್ತಾನೇನೋ ಎಂದು ಕಾದಳು. ನಮ್ಮವರಿಗೆ ಕಾಯುವುದು ಗೊತ್ತು. ಅದು ಕೇಳುಗಲ್ಲಾಗಿರಲಿಲ್ಲ, ಅಲ್ಲಿ ಆಡಿದ್ದು ಯಾವ ವರ್ಷಕ್ಕೂ ತಿರುಗಿ ಬರುತ್ತಿರಲಿಲ್ಲ. ನಾನು ಕಡತವನ್ನು ಬಗಲು ಬದಲಿಸಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಅವಳು, ‘ನಡಿ, ಒಲೆ ಹಚ್ಚಬೇಕು’ ಎಂದು ಮುಂದೆ ಹೋದಳು.

ಕಡತ ಮರುದಿನ ಪೇಟೆಗೆ ಇಳಿಯಿತು. ತಿಂಗಳಿಗೆ ಮೊಹರು ಬಿದ್ದು ಬಂತು. ಇಪ್ಪತ್ತು ವರ್ಷದ ಮಟ್ಟಿಗೆ ನೆಲ ನಾವು ಹೇಳಿದಂತೆ ನಡೆಯುತ್ತದೆ, ಜಡೆಯಮ್ಮನ ಇಳಿಜಾರಿನಲ್ಲಿ ಈಗ ಮೂರರಲ್ಲಿ ಒಂದು ಬಳ್ಳಿ ಅಗೆಯುತ್ತಾರೆ. ಏಳು ವರ್ಷದ ಆ ಮಾತು ನನ್ನದು, ಅವ್ವ ಅದನ್ನು ನನಗೋಸ್ಕರ ಆಡಿದಳು ಎಂದು ನಾನು ಜಡೆಯಮ್ಮನಿಗೆ ಹೇಳಲಿಲ್ಲ.